ಕೂದಲಿಗೆ ಏನು ಗೊತ್ತು?

1996ರ ಆಗಸ್ಟ್ 14. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನವಿಜ್ಞಾನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ತಮ್ಮ ಪ್ರಯೋಗಾಲಯದಲ್ಲಿ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತವನ್ನು ಸಣ್ಣ ಕೊಳವೆಯೊಂದಕ್ಕೆ ಹಾಕುತ್ತಿದ್ದಾಗ ಒಂದೆರಡು ಹನಿ ಕೈಗವಸಿನ ಮೇಲೆ ಬಿದ್ದವು. ಲೇಟೆಕ್ಸ್ ಗವಸು. ಅದನ್ನು ತೆಗೆದಿಟ್ಟು, ಕೈ ತೊಳೆದುಕೊಂಡು ಅವರು ಕೆಲಸ ಮುಂದುವರಿಸಿದರು. ಆ ದ್ರವ ಲೇಟೆಕ್ಸ್ ದಾಟಿ ಚರ್ಮಕ್ಕಿಳಿಯಲು ಕೆಲವೇ ಸೆಕೆಂಡು ಸಾಕು ಎಂಬುದು ಬೆಳಕಿಗೆ ಬಂದದ್ದು ಅವರ ಪ್ರಕರಣದಿಂದಲೇ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. 1997ರ ಜನವರಿಯ ಹೊತ್ತಿಗೆ ನಡೆಯುವಾಗ ತೋಲ ತಪ್ಪತೊಡಗಿತು, ಮಾತು ತೊದಲಿತು, ಕಣ್ಣು ಕಿವಿ ಮಂದವಾದವು. ರಕ್ತದಲ್ಲಿ ಪಾದರಸ ವಿಪರೀತವಾಗಿ ಕಂಡಿತು. ಅದು ಒಮ್ಮೆಲೇ ಮೈಸೇರಿದ್ದೋ, ವರ್ಷಗಳಿಂದ ಸ್ವಲ್ಪಸ್ವಲ್ಪವಾಗಿ ಸೇರಿದ್ದೋ ಎಂಬುದು ಆಗಿನ ಪ್ರಶ್ನೆ.

ಉತ್ತರ ಸಿಕ್ಕಿದ್ದು ಅವರ ತಲೆಗೂದಲಲ್ಲಿ. ಸುಮಾರು ಹದಿನೈದು ಸೆಂಟಿಮೀಟರ್ ಉದ್ದದ ಒಂದೇ ಒಂದು ಕೂದಲನ್ನು ತುದಿಯಿಂದ ಬುಡದವರೆಗೆ ತುಂಡುತುಂಡಾಗಿ ಅಳೆದರು. ತುದಿಯ ಭಾಗದಲ್ಲಿ, ಅಂದರೆ ಹಳೆಯ ದಿನಗಳಲ್ಲಿ, ಪಾದರಸ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಒಂದು ಜಾಗದಲ್ಲಿ ಅದು ನೆಟ್ಟಗೆ ಮೇಲೇರಿ ಹೆಚ್ಚುಕಡಿಮೆ 1,100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1,100 ಭಾಗ) ಮುಟ್ಟಿತ್ತು. ಅಲ್ಲಿಂದ ಬುಡದ ಕಡೆಗೆ, ಸುಮಾರು 75 ದಿನಕ್ಕೆ ಅರ್ಧದ ಲೆಕ್ಕದಲ್ಲಿ ಇಳಿಯುತ್ತ ಬಂದಿತ್ತು. ಕೂದಲು ಬೆಳೆಯುವ ವೇಗದಿಂದ ಹಿಂದಕ್ಕೆ ಎಣಿಸಿದರೆ ಆ ಏರುವ ಜಾಗ ಲ್ಯಾಬ್ ಪುಸ್ತಕದಲ್ಲಿ ಬರೆದಿದ್ದ ಆಗಸ್ಟ್ 14ಕ್ಕೆ ತಾಳೆಯಾಗುತ್ತಿತ್ತು. ಒಂದೇ ದಿನ, ಒಂದೇ ಅವಘಡ. ವೆಟರ್‌ಹಾನ್ 1997ರ ಜೂನ್ 8ರಂದು ತೀರಿಕೊಂಡರು. ಅವರಿಗೆ 48 ವರ್ಷ.

ಕೂದಲ ಪರೀಕ್ಷೆಯ ಬಗ್ಗೆ ಬರೆಯುವಾಗ ಈ ಪ್ರಕರಣದಿಂದಲೇ ಶುರುಮಾಡಬೇಕು ಅನ್ನಿಸಿತು. ಏಕೆಂದರೆ ಕೂದಲಿಗೆ ಏನೂ ಗೊತ್ತಿಲ್ಲ ಎಂದು ತಳ್ಳಿಹಾಕುವುದು ತಪ್ಪು. ಕೆಲವು ವಿಷಯಗಳಲ್ಲಿ ರಕ್ತ ಮರೆತದ್ದನ್ನು ಕೂದಲು ನೆನಪಿಟ್ಟುಕೊಂಡಿರುತ್ತದೆ. ಆದರೆ ಮೇಲಿನ ಪ್ರಕರಣದಲ್ಲಿ ವೈದ್ಯರು ಕೇಳಿದ ಪ್ರಶ್ನೆ ಎಷ್ಟು ಖಚಿತವಾಗಿತ್ತು ನೋಡಿ: ಒಂದು ಲೋಹ, ಒಬ್ಬ ರೋಗಿ, ಯಾವಾಗ ಸೇರಿತು? ಇವತ್ತು ವೆಲ್‌ನೆಸ್ ಕ್ಲಿನಿಕ್ಕುಗಳು, ಆನ್‌ಲೈನ್ ಕಂಪನಿಗಳು ‘ಹೇರ್ ಮಿನರಲ್ ಟೆಸ್ಟ್’ ಎಂಬ ಹೆಸರಿನಲ್ಲಿ ಅದೇ ಕೂದಲಿಗೆ ಕೇಳುತ್ತಿರುವ ಪ್ರಶ್ನೆ ಬೇರೆ: ಈ ಮನುಷ್ಯನಿಗೆ ಏನು ಕಡಿಮೆ, ಏನು ಹೆಚ್ಚು, ಏನು ತಿನ್ನಬೇಕು, ಯಾವ ಮಾತ್ರೆ ನುಂಗಬೇಕು? ಈ ಪ್ರಶ್ನೆಗೆ ಕೂದಲ ಬಳಿ ಉತ್ತರವಿಲ್ಲ. ಇಲ್ಲದ ಉತ್ತರವನ್ನು ದುಡ್ಡು ಕೊಟ್ಟು ಕೊಳ್ಳುತ್ತಿರುವವರು ಮೈ ಸರಿಯಿಲ್ಲದೆ ಒದ್ದಾಡುತ್ತಿರುವ ಸಾಮಾನ್ಯ ಜನ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗಿದೆ.

ಬುಡದಲ್ಲಿ ಏನು ನಡೆಯುತ್ತದೆ

ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಚರ್ಮದೊಳಗಿನ ಬುಡದಲ್ಲಿ ಮಾತ್ರ ಅದಕ್ಕೆ ಜೀವ. ಅಲ್ಲಿ ರಕ್ತದ ಸಂಪರ್ಕವಿರುತ್ತದೆ, ಹೊಸ ಕೋಶಗಳು ಹುಟ್ಟುತ್ತಿರುತ್ತವೆ, ಆ ಹೊತ್ತಿನಲ್ಲಿ ರಕ್ತದಲ್ಲಿರುವ ಲೋಹಾಂಶಗಳು ಒಂದಿಷ್ಟು ಅವುಗಳೊಳಗೆ ಸೇರಿಕೊಳ್ಳುತ್ತವೆ. ಹೊರಗೆ ಬಂದ ಮೇಲೆ ಕೂದಲು ಜೀವವಿಲ್ಲದ ಕೆರಾಟಿನ್ ಎಂಬ ಪ್ರೋಟೀನು. ಕೆರಾಟಿನ್‌ನಲ್ಲಿ ಗಂಧಕ ಹೇರಳವಾಗಿದೆ. ಪಾದರಸ, ಆರ್ಸೆನಿಕ್, ಸೀಸದಂಥವಕ್ಕೆ ಗಂಧಕವೆಂದರೆ ಭಾರೀ ಸೆಳೆತ. ಅಂಟಿಕೊಂಡರೆ ಬಿಡುವುದಿಲ್ಲ. ಮೀನಿನ ಮೂಲಕ ಮೈಸೇರುವ ಮೀಥೈಲ್ ಮರ್ಕ್ಯುರಿಯಂತೂ ರಕ್ತದಲ್ಲಿರುವುದಕ್ಕಿಂತ ಸುಮಾರು 250 ಪಟ್ಟು ಸಾಂದ್ರವಾಗಿ ಕೂದಲಲ್ಲಿ ಶೇಖರವಾಗುತ್ತದೆ.

ಈ ಒಂದೇ ಗುಣ ಕೂದಲಿನ ಶಕ್ತಿಯೂ ಹೌದು, ದೌರ್ಬಲ್ಯವೂ ಹೌದು. ಒಳಗಿನಿಂದ ಬಂದ ಲೋಹವನ್ನು ಹಿಡಿದುಕೊಳ್ಳುವ ಕೆರಾಟಿನ್, ಹೊರಗಿನಿಂದ ಬಂದದ್ದನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೀಯುವ ನೀರು, ಶಾಂಪೂ, ಬಣ್ಣ, ರಸ್ತೆಯ ದೂಳು, ಬೈತಲೆಗಿಟ್ಟ ಕುಂಕುಮ, ಎಲ್ಲವೂ ಕೂದಲಿಗೆ ಒಂದೇ.

ಪರೀಕ್ಷೆಯ ಕ್ರಮ ಸರಳ. ಹಿಂದಲೆಯಲ್ಲಿ, ಕತ್ತಿನ ಮೇಲ್ಭಾಗದಲ್ಲಿ, ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಒಂದು ಸಣ್ಣ ಜೊಂಪೆ ಕತ್ತರಿಸುತ್ತಾರೆ. ಬುಡದ ಕಡೆಯ ಮೂರ್ನಾಲ್ಕು ಸೆಂಟಿಮೀಟರ್ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುತ್ತಾರೆ. ಕಾಲು ಗ್ರಾಂ ಆಸುಪಾಸು ಸಾಕು. ಲ್ಯಾಬಿನಲ್ಲಿ ಅದನ್ನು ತೊಳೆದು, ಆಮ್ಲದಲ್ಲಿ ಕರಗಿಸಿ, ಐಸಿಪಿ-ಎಂಎಸ್ ಎಂಬ ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ಒಳ್ಳೆಯದೇ. ನೂರು ಕೋಟಿ ಭಾಗದಲ್ಲಿ ಒಂದು ಭಾಗ ಲೋಹವಿದ್ದರೂ ಹಿಡಿಯಬಲ್ಲದು. ತೊಂದರೆ ಯಂತ್ರದಲ್ಲಿ ಇಲ್ಲ. ಅದರ ಹಿಂದೆ ಮತ್ತು ಮುಂದೆ ಇದೆ.

ಒಂದು ರಿಪೋರ್ಟು

ನಮ್ಮ ಬೀದಿಯಲ್ಲಿರುವ ಶಾಲಾ ಶಿಕ್ಷಕಿಯೊಬ್ಬರು ಈಚೆಗೆ ಇಂಥದೊಂದು ರಿಪೋರ್ಟು ಹಿಡಿದು ಬಂದಿದ್ದರು. ಸದಾ ಸುಸ್ತು, ಬಾಚಿದರೆ ಕೂದಲು ಕೈಗೆ ಬರುತ್ತದೆ, ರಾತ್ರಿ ನಿದ್ದೆ ಸರಿಯಿಲ್ಲ ಎಂಬ ಕಾರಣಕ್ಕೆ ಯಾರೋ ಹೇಳಿದ್ದನ್ನು ಕೇಳಿ ಸಾವಿರಗಟ್ಟಲೆ ಕೊಟ್ಟು ಮಾಡಿಸಿದ್ದು. ನುಣುಪಾದ ಕಾಗದ, ಹತ್ತಾರು ಪುಟ. ಮೊದಲ ಪುಟದಲ್ಲಿ ಒಂದೊಂದು ಖನಿಜಕ್ಕೆ ಒಂದೊಂದು ಕಂಬ. ಹಸಿರು ಪಟ್ಟಿಯೊಳಗೆ ನಿಂತರೆ ಸರಿ, ಕೆಂಪಿಗೆ ಏರಿದರೆ ಹೆಚ್ಚು, ಕೆಳಗಿಳಿದರೆ ಕಡಿಮೆ. ಅವರ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಂಬಗಳು ಕೆಂಪು ದಾಟಿದ್ದವು. ಸೋಡಿಯಂ, ಪೊಟ್ಯಾಸಿಯಂ ನೆಲಕಚ್ಚಿದ್ದವು. ಎರಡನೆಯ ಪುಟದಿಂದ ಅನುಪಾತಗಳು. ಕ್ಯಾಲ್ಸಿಯಂ–ಪೊಟ್ಯಾಸಿಯಂ ಅನುಪಾತದ ಎದುರಿಗೆ ‘ಥೈರಾಯ್ಡ್’ ಎಂದಿತ್ತು, ಸೋಡಿಯಂ–ಮೆಗ್ನೀಸಿಯಂ ಎದುರಿಗೆ ‘ಅಡ್ರಿನಲ್’ ಎಂದಿತ್ತು. ಅವರ ದೇಹ ‘ನಿಧಾನ ಚಯಾಪಚಯ’ದ ಬಗೆಯದು ಎಂಬ ತೀರ್ಮಾನ ದಪ್ಪಕ್ಷರದಲ್ಲಿತ್ತು. ಕೊನೆಯ ಪುಟದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತೆಗೆದುಕೊಳ್ಳಬೇಕಾದ ಸಪ್ಲಿಮೆಂಟುಗಳ ಪಟ್ಟಿ.

“ಕ್ಯಾಲ್ಸಿಯಂ ಈ ಪಾಟಿ ಜಾಸ್ತಿ ತೋರಿಸ್ತಿದೆ ನೋಡಿ ಸರ್. ಮನೇಲಿ ದಿನಾ ರಾಗಿ ಮುದ್ದೆ. ನಿಲ್ಲಿಸಿಬಿಡ್ಲಾ?” ಎಂದು ಕೇಳಿದರು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಾವು ತಿನ್ನುವ ಇನ್ನಾವ ಏಕದಳ ಧಾನ್ಯದಲ್ಲೂ ಇಷ್ಟಿಲ್ಲ. ನಲವತ್ತು ದಾಟಿದ, ಹಾಲು ಅಷ್ಟಾಗಿ ಕುಡಿಯದ ಹೆಂಗಸಿಗೆ ಅದು ಬೇಕೇ ಬೇಕು. ಒಂದು ಕೆಂಪು ಕಂಬ ನೋಡಿ ಅವರು ಅದನ್ನು ಬಿಡಲು ಹೊರಟಿದ್ದರು. ನಾನು ಕೇಳಿದೆ: ತಲೆಗೆ ಹಾಕಿಕೊಳ್ಳುವ ನೀರು ಯಾವುದು? ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುವಂಥ ಗಡುಸು ನೀರು. ಆ ಬಿಳಿ ಪದರವೇ ಕ್ಯಾಲ್ಸಿಯಂ, ಮೆಗ್ನೀಸಿಯಂ. ಗಡುಸು ನೀರಲ್ಲಿ ಮೀಯುವವರ ಕೂದಲಲ್ಲಿ ಈ ಎರಡೂ ಏರುತ್ತವೆ, ಅದರಲ್ಲೂ ಉದ್ದ ಕೂದಲಿನ, ಬಣ್ಣ ಹಚ್ಚಿದ, ಬಿರುಸಾದ ಕೂದಲಿನವರಲ್ಲಿ ಹೆಚ್ಚು. ಅವರ ರಿಪೋರ್ಟಿನ ಆ ಎರಡು ಕಂಬಗಳು ಅವರ ಮೂಳೆಯ ಬಗ್ಗೆಯಾಗಲಿ ಊಟದ ಬಗ್ಗೆಯಾಗಲಿ ಹೇಳುತ್ತಿರುವುದಕ್ಕಿಂತ ಅವರ ಬಚ್ಚಲುಮನೆಯ ಬಗ್ಗೆ ಹೇಳುತ್ತಿರುವ ಸಂಭವವೇ ಹೆಚ್ಚು.

ಇಂಥ ಗೊಂದಲಗಳು ಒಂದೆರಡಲ್ಲ. ಹೊಟ್ಟು ಹೋಗಲೆಂದು ಹಚ್ಚುವ ಕೆಲವು ಶಾಂಪೂಗಳಲ್ಲಿ ಸೆಲೆನಿಯಂ ಸಲ್ಫೈಡ್ ಇರುತ್ತದೆ, ಇನ್ನು ಕೆಲವದರಲ್ಲಿ ಸತುವಿನ ಸಂಯುಕ್ತ. ಹಚ್ಚಿಕೊಂಡವರ ಕೂದಲಲ್ಲಿ ಸೆಲೆನಿಯಂ, ಸತು ಏರುತ್ತದೆ. ನರೆ ಮರೆಸಲು ಅಮೆರಿಕದಲ್ಲಿ ದಶಕಗಳ ಕಾಲ ಮಾರಾಟವಾದ ಒಂದು ಬಗೆಯ ಬಣ್ಣದಲ್ಲಿ ಸೀಸದ ಅಸಿಟೇಟ್ ಇತ್ತು. ನಮ್ಮಲ್ಲಿ ಅಗ್ಗದ ಸಿಂಧೂರದಲ್ಲಿ ಸೀಸದ ಕೆಂಪು ಬೆರೆತಿರುವುದು ಹೊಸ ಸುದ್ದಿಯೇನಲ್ಲ. ತೊಳೆದರೆ ಹೋಗುವುದಿಲ್ಲವೆ? ಪೂರ್ತಿ ಹೋಗುವುದಿಲ್ಲ. ಹೆಚ್ಚು ತೊಳೆದರೆ ಒಳಗಿನಿಂದ ಬಂದ ಸೋಡಿಯಂ, ಪೊಟ್ಯಾಸಿಯಂಗಳೂ ನೀರುಪಾಲು. ಶಿಕ್ಷಕಿಯ ರಿಪೋರ್ಟಿನಲ್ಲಿ ಅವೆರಡು ನೆಲಕಚ್ಚಿದ್ದಕ್ಕೆ ಇದೂ ಒಂದು ಕಾರಣ ಇದ್ದೀತು. ಆ ಅಂಕಿಯ ಮೇಲೆ ‘ಅಡ್ರಿನಲ್’ ಗ್ರಂಥಿಯ ಆರೋಗ್ಯವನ್ನು ನಿರ್ಧರಿಸುವುದು ಹೇಗೆ? ಥೈರಾಯ್ಡ್ ತಿಳಿಯಬೇಕಾದರೆ ಟಿಎಸ್‌ಎಚ್ ಪರೀಕ್ಷೆ ಇದೆ, ತಾಲ್ಲೂಕು ಮಟ್ಟದ ಲ್ಯಾಬುಗಳಲ್ಲೂ ಆಗುತ್ತದೆ.

ಸತುವಿನದು ಇನ್ನೂ ವಿಚಿತ್ರ. ಮೈಯಲ್ಲಿ ಸತು ತೀರಾ ಕಡಿಮೆಯಾದಾಗ ಕೂದಲು ಬೆಳೆಯುವುದೇ ನಿಧಾನವಾಗುತ್ತದೆ. ನಿಧಾನವಾಗಿ ಬೆಳೆಯುವ ಕೂದಲಿಗೆ ಇರುವಷ್ಟೇ ಸತು ತುಂಬಿಕೊಳ್ಳಲು ಸಮಯ ಸಿಗುತ್ತದೆ. ಹೀಗಾಗಿ ಅಪೌಷ್ಟಿಕತೆಯಿಂದ ಸೊರಗಿದ ಮಗುವಿನ ಕೂದಲಲ್ಲಿ ಸತು ಸರಿಯಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಕಾಣಬಹುದು. ಕೊರತೆ ಇದ್ದಷ್ಟೂ ರಿಪೋರ್ಟು ಹಸಿರಾಗುವ ಪರೀಕ್ಷೆಯನ್ನು ನಂಬಿ ಮಗುವಿನ ಊಟ ನಿರ್ಧರಿಸುವುದು ಅಪಾಯ.

ಒಂದೇ ತಲೆ, ಹಲವು ಉತ್ತರ

ಈ ಪರೀಕ್ಷೆಯನ್ನು ಪರೀಕ್ಷಿಸಿದವರೂ ಇದ್ದಾರೆ. 1985ರಲ್ಲಿ ಸ್ಟೀಫನ್ ಬ್ಯಾರೆಟ್ ಎಂಬ ಅಮೆರಿಕದ ವೈದ್ಯರು ಆರೋಗ್ಯವಂತರಾದ ಇಬ್ಬರು ಹದಿಹರೆಯದವರ ಕೂದಲನ್ನು ಬೇರೆ ಬೇರೆ ಹೆಸರಿನಲ್ಲಿ 13 ವಾಣಿಜ್ಯ ಲ್ಯಾಬುಗಳಿಗೆ ಕಳಿಸಿದರು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇಂದಿಗೂ ಓದಬೇಕಾದದ್ದು. ಒಂದೇ ಲ್ಯಾಬಿಗೆ ಕಳಿಸಿದ ಒಂದೇ ಕೂದಲಿಗೆ ಬೇರೆ ಬೇರೆ ಅಂಕಿ ಬಂತು. ಲ್ಯಾಬಿನಿಂದ ಲ್ಯಾಬಿಗಂತೂ ತಾಳಮೇಳವೇ ಇರಲಿಲ್ಲ. ಕಂಪ್ಯೂಟರ್ ಬರೆದ ವಿವರಣೆಗಳಲ್ಲಿ ಆರೋಗ್ಯವಂತ ಮಕ್ಕಳಿಗೆ ಇಲ್ಲದ ಕಾಯಿಲೆಗಳ ಉದ್ದುದ್ದ ಪಟ್ಟಿಯಿತ್ತು.

ಅದು ಹಳೆಯ ಕಾಲ, ಯಂತ್ರಗಳು ಸುಧಾರಿಸಿವೆ ಎಂಬ ಸಮರ್ಥನೆ ಬಂತು. 2001ರಲ್ಲಿ ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆಯ ಶರನ್ ಸೈಡೆಲ್ ಮತ್ತು ಸಂಗಡಿಗರು ಮತ್ತೆ ನೋಡಿದರು. ಈ ಸಲ ಒಬ್ಬ ಆರೋಗ್ಯವಂತ ವ್ಯಕ್ತಿಯ ಕೂದಲನ್ನು ಪಾಲು ಮಾಡಿ ಆರು ಲ್ಯಾಬುಗಳಿಗೆ ಕಳಿಸಿದರು. ಆಗ ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥ ಪರೀಕ್ಷೆಗಳಲ್ಲಿ ಬಹುಪಾಲು ಈ ಆರರಲ್ಲೇ ಆಗುತ್ತಿದ್ದವು. ಹನ್ನೆರಡು ಖನಿಜಗಳಲ್ಲಿ ಅತಿ ಹೆಚ್ಚು ಹೇಳಿದ ಲ್ಯಾಬಿಗೂ ಅತಿ ಕಡಿಮೆ ಹೇಳಿದ ಲ್ಯಾಬಿಗೂ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಕಂಡಿತು. ‘ಸಹಜ’ ಎಂದರೆ ಎಷ್ಟು ಎಂಬುದರಲ್ಲೂ ಒಮ್ಮತವಿಲ್ಲ. ಒಬ್ಬೊಬ್ಬ ದರ್ಜಿ ತಾನೇ ಗೆರೆ ಹಾಕಿಕೊಂಡ ಟೇಪಿನಿಂದ ಅಳೆದ ಹಾಗೆ. ಒಂದು ಲ್ಯಾಬಿನ ‘ಹೆಚ್ಚು’ ಇನ್ನೊಂದರ ‘ಕಡಿಮೆ’ಯಾಗಿತ್ತು.

ಅದೇ ವರ್ಷದ ಜೂನ್‌ನಲ್ಲಿ ಅಮೆರಿಕ ಸರ್ಕಾರದ ವಿಷವಸ್ತುಗಳ ಸಂಸ್ಥೆ ಎಟಿಎಸ್‌ಡಿಆರ್ ಅಟ್ಲಾಂಟಾದಲ್ಲಿ ಏಳು ತಜ್ಞರನ್ನು ಕೂರಿಸಿ ಕೂದಲ ಪರೀಕ್ಷೆಯ ಬಗ್ಗೆ ಚರ್ಚೆ ನಡೆಸಿತು. ಅವರ ಅಭಿಪ್ರಾಯದ ಸಾರವಿಷ್ಟು: ಮೀಥೈಲ್ ಮರ್ಕ್ಯುರಿಯನ್ನು ಬಿಟ್ಟರೆ, ಕೂದಲಲ್ಲಿ ಇಷ್ಟಿದ್ದರೆ ಆರೋಗ್ಯಕ್ಕೆ ಹೀಗಾಗುತ್ತದೆ ಎಂದು ಹೇಳಲು ಬೇಕಾದ ಆಧಾರ ಬಹುತೇಕ ವಸ್ತುಗಳ ವಿಷಯದಲ್ಲಿ ಇಲ್ಲ. ಕೂದಲಿನ ಪರವಾಗಿಯೂ ಇದರಲ್ಲಿ ಒಂದು ಮಾತಿದೆ ಎಂಬುದನ್ನು ಮರೆಯಬಾರದು. ಮೀಥೈಲ್ ಮರ್ಕ್ಯುರಿಯ ಮಟ್ಟಿಗೆ ಕೂದಲು ನಿಜಕ್ಕೂ ಒಳ್ಳೆಯ ಅಳತೆ.

ಕೂದಲ ಪರೀಕ್ಷೆಯ ಪರ ಇರುವವರು ಒಂದು ವಾದ ಹೂಡುತ್ತಾರೆ, ಅದನ್ನು ಗೌರವದಿಂದಲೇ ಕೇಳಬೇಕು. ರಕ್ತದಲ್ಲಿನ ಕ್ಯಾಲ್ಸಿಯಂ ಪ್ರಮಾಣವನ್ನು ದೇಹ ಹಟ ಹಿಡಿದು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ, ಕಡಿಮೆಯಾದರೆ ಮೂಳೆಯಿಂದ ಕದ್ದಾದರೂ ಸರಿದೂಗಿಸುತ್ತದೆ, ಆದ್ದರಿಂದ ರಕ್ತ ಪರೀಕ್ಷೆ ನಿಜವಾದ ಕೊರತೆಯನ್ನು ಮರೆಮಾಚುತ್ತದೆ ಎನ್ನುತ್ತಾರೆ. ಮೊದಲ ಭಾಗ ಅಪ್ಪಟ ನಿಜ. ಸತುವಿಗೂ ರಕ್ತ ಪರೀಕ್ಷೆ ಅಷ್ಟೇನೂ ಒಳ್ಳೆಯ ಅಳತೆಯಲ್ಲ ಎಂಬುದೂ ನಿಜ. ಆದರೆ ರಕ್ತ ಸರಿಯಾಗಿ ಹೇಳುವುದಿಲ್ಲ ಎಂದ ಮಾತ್ರಕ್ಕೆ ಕೂದಲು ಹೇಳುತ್ತದೆ ಎಂದಾಗುವುದಿಲ್ಲ. ಮೂಳೆಯ ಕ್ಯಾಲ್ಸಿಯಂ ನೋಡಲು ಮೂಳೆ ಸಾಂದ್ರತೆಯ ಸ್ಕ್ಯಾನ್ ಇದೆ. ಅಯೋಡಿನ್‌ಗೆ ಮೂತ್ರ ನೋಡುತ್ತಾರೆ. ಕಬ್ಬಿಣಕ್ಕೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ನೋಡುತ್ತಾರೆ. ಒಂದೊಂದು ಪೋಷಕಾಂಶಕ್ಕೆ ಒಂದೊಂದು ದಾರಿ. ಎಲ್ಲದಕ್ಕೂ ಒಂದೇ ಕೂದಲು ಸಾಕು ಅನ್ನುವುದು ಅನುಕೂಲದ ಮಾತು. ಕೂದಲಿನ ಕೋಬಾಲ್ಟ್ ನೋಡಿ ಬಿ12 ವಿಟಮಿನ್ ಊಹಿಸುವವರೂ ಇದ್ದಾರೆ. ಬಿ12ರ ಅಣುವಿನಲ್ಲಿ ಕೋಬಾಲ್ಟ್ ಇದೆ ಎಂಬುದಷ್ಟೇ ಅದಕ್ಕೆ ಆಧಾರ. ಮಾಂಸ ತಿನ್ನದ ನಮ್ಮ ಅದೆಷ್ಟೋ ಮನೆಗಳಲ್ಲಿ ಬಿ12 ಕೊರತೆ ಇದ್ದೇ ಇದೆ. ಅದಕ್ಕೆ ನೇರವಾದ ರಕ್ತ ಪರೀಕ್ಷೆಯಿದೆ.

ದುಡ್ಡು ಹೋದರೆ ಹೋಗಲಿ, ತೊಂದರೆಯಂತೂ ಇಲ್ಲವಲ್ಲ ಎನ್ನುವವರಿಗೆ ನನ್ನ ಉತ್ತರ: ತೊಂದರೆ ಇದೆ. ಸತುವಿನ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ದೇಹ ತಾಮ್ರವನ್ನು ಹೀರಿಕೊಳ್ಳುವುದು ಕುಗ್ಗುತ್ತದೆ. ತಾಮ್ರ ಕಡಿಮೆಯಾದರೆ ರಕ್ತಹೀನತೆ, ಕೈಕಾಲು ಜೋಮು. ಸೆಲೆನಿಯಂ ವಿಷಯದಲ್ಲಿ ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ನಡುವೆ ಜಾಗ ಬಹಳ ಕಿರಿದು. 2008ರಲ್ಲಿ ಅಮೆರಿಕದಲ್ಲಿ ದ್ರವರೂಪದ ಒಂದು ಸಪ್ಲಿಮೆಂಟಿನಲ್ಲಿ ತಯಾರಿಕೆಯ ತಪ್ಪಿನಿಂದ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಯಿತು. 201 ಜನ ಅಸ್ವಸ್ಥರಾದರು. ಹೆಚ್ಚಿನವರಿಗೆ ಭೇದಿ, ಆಯಾಸ, ಕೀಲುನೋವು, ಜೊತೆಗೆ ಕೂದಲು ಉದುರುವಿಕೆ. ಕೂದಲು ಉಳಿಸಿಕೊಳ್ಳಲು ನಮ್ಮವರು ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಗಳಲ್ಲಿ ಇದೇ ಸೆಲೆನಿಯಂ ಇರುವುದುಂಟು.

ಇದಕ್ಕಿಂತ ಗಂಭೀರವಾದದ್ದು ‘ಮೈಯಿಂದ ಲೋಹ ತೆಗೆಸುವುದು’. ಕೂದಲ ರಿಪೋರ್ಟಿನಲ್ಲಿ ಸೀಸ, ಪಾದರಸ ಹೆಚ್ಚಿದೆ ಎಂದು ಹೆದರಿಸಿ ಕೀಲೇಷನ್ ಎಂಬ ಚಿಕಿತ್ಸೆಗೆ ಕಳಿಸುವುದು ಹೊರದೇಶಗಳಲ್ಲಿ, ಅದರಲ್ಲೂ ಆಟಿಸಂ ಇರುವ ಮಕ್ಕಳ ತಂದೆತಾಯಿಗಳ ವಿಷಯದಲ್ಲಿ, ಬಹಳ ನಡೆದಿದೆ. ಸೀಸದ ವಿಷ ನಿಜಕ್ಕೂ ಏರಿದವರಿಗೆ ಕೀಲೇಷನ್ ಪ್ರಾಣ ಉಳಿಸುವ ಮದ್ದು. ಬೇಡದವರಿಗೆ ಅದೇ ಮೃತ್ಯುವಾಗಬಹುದು. 2005ರ ಆಗಸ್ಟ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕ ಈ ಚಿಕಿತ್ಸೆಗೆ ಒಳಗಾಗಿದ್ದಾಗ ತೀರಿಕೊಂಡ. ಆ ಔಷಧ ರಕ್ತದ ಕ್ಯಾಲ್ಸಿಯಂ ಅನ್ನು ಸೆಳೆದುಕೊಂಡು ಹೃದಯ ನಿಲ್ಲಿಸಿತ್ತು. ಹೆತ್ತವರ ಭಯವನ್ನು ಬಂಡವಾಳ ಮಾಡಿಕೊಳ್ಳುವ ಯಾವ ಪರೀಕ್ಷೆಯನ್ನೂ ನನಗೆ ಸಮರ್ಥಿಸಲು ಆಗುವುದಿಲ್ಲ.

ಸೀಸದ ಅನುಮಾನ ಇದ್ದರೆ ನೋಡಬೇಕಾದದ್ದು ರಕ್ತ. ಈ ವಿಷಯದಲ್ಲಿ ಬೆಂಗಳೂರಿಗೆ ಒಂದು ಹೆಮ್ಮೆಯ ಚರಿತ್ರೆಯಿದೆ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಷನ್ ದೇಶದ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಅಪಾಯದ ಗೆರೆ ಮುಟ್ಟಿದೆ ಎಂದು ತೋರಿಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಜೀವಮಾನವಿಡೀ ಇದಕ್ಕಾಗಿ ದುಡಿದರು. 2000ದ ಹೊತ್ತಿಗೆ ದೇಶದ ಪೆಟ್ರೋಲಿನಿಂದ ಸೀಸ ಹೊರಗೆ ಹೋಯಿತು. ಸರಿಯಾದ ಪರೀಕ್ಷೆ, ಸರಿಯಾದ ಪ್ರಶ್ನೆ ಕೂಡಿದರೆ ಒಂದು ದೇಶದ ಗಾಳಿಯೇ ಬದಲಾಗುತ್ತದೆ.

ಇರಾಕಿನ ತಾಯಂದಿರು

ಕೂದಲಿಗೂ ಅಂಥದೇ ಚರಿತ್ರೆ ಇದೆ. 1971ರ ಶರತ್ಕಾಲದಲ್ಲಿ ಇರಾಕಿಗೆ ಬಿತ್ತನೆಗೆಂದು ಹಡಗುಗಳಲ್ಲಿ ಗೋಧಿ, ಬಾರ್ಲಿ ಬಂತು. ಬೂಸ್ಟು ಹಿಡಿಯದಂತೆ ಮೀಥೈಲ್ ಮರ್ಕ್ಯುರಿ ಸವರಿದ, ಎಚ್ಚರಿಕೆಗೆಂದು ಗುಲಾಬಿ ಬಣ್ಣ ಬಳಿದ ಬೀಜ. ಚೀಲದ ಮೇಲಿನ ಎಚ್ಚರಿಕೆ ಅಲ್ಲಿನ ರೈತರಿಗೆ ಬಾರದ ಭಾಷೆಯಲ್ಲಿತ್ತು. ಅನೇಕರ ಕೈಗೆ ಅದು ಸಿಕ್ಕಿದ್ದು ಬಿತ್ತನೆ ಮುಗಿದ ಮೇಲೆ. ಕೆಲವರು ತೊಳೆದು ನೋಡಿದರು. ಬಣ್ಣ ಹೋಯಿತು, ವಿಷವೂ ಹೋಯಿತೆಂದುಕೊಂಡು ರೊಟ್ಟಿ ಸುಟ್ಟು ತಿಂದರು. ವಾರಗಳ ಕಾಲ ಏನೂ ಆಗದಿದ್ದರಿಂದ ಇನ್ನಷ್ಟು ತಿಂದರು. ಆಸ್ಪತ್ರೆ ಸೇರಿದವರು 6,530 ಜನ, ಅಲ್ಲಿ ಸತ್ತವರು 459. ಆಸ್ಪತ್ರೆ ಮುಟ್ಟದವರ ಲೆಕ್ಕ ಸೇರಿಲ್ಲ.

ಬಸುರಿಯರು ತಿಂದ ರೊಟ್ಟಿ ಹೊಟ್ಟೆಯ ಕೂಸಿಗೆ ಏನು ಮಾಡಿತು ಎಂಬ ಪ್ರಶ್ನೆ ಆಮೇಲೆ ಎದ್ದಿತು. ಆ ಹೊತ್ತಿಗೆ ಬೀಜ ಮುಗಿದಿತ್ತು, ರಕ್ತದಿಂದ ಪಾದರಸ ಇಳಿದಿತ್ತು. ಆದರೆ ಅಲ್ಲಿನ ಹೆಂಗಸರದು ನೀಳ ಕೂದಲು. ರಾಚೆಸ್ಟರ್ ವಿಶ್ವವಿದ್ಯಾಲಯದ ಥಾಮಸ್ ಕ್ಲಾರ್ಕ್‌ಸನ್ ಮತ್ತವರ ತಂಡ ತಾಯಂದಿರ ಕೂದಲನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು, ಯಾವ ತಾಯಿ ಬಸುರಿನ ಎಷ್ಟನೇ ತಿಂಗಳಲ್ಲಿ ಎಷ್ಟು ಪಾದರಸ ತಿಂದಿದ್ದಳು ಎಂಬುದನ್ನು ಬಿಡಿಸಿತು. ತಾಯಿಗೆ ಹೆಚ್ಚೇನೂ ಆಗದೆ ಮಗು ಮಾತ್ರ ನಡೆಯಲು, ಮಾತಾಡಲು ಹಿಂದುಳಿದ ಪ್ರಕರಣಗಳು ಹೀಗೆ ಗೊತ್ತಾದವು. ಬಸುರಿಯರು ಯಾವ ಮೀನು ಎಷ್ಟು ತಿನ್ನಬಹುದು ಎಂದು ಇಂದು ಜಗತ್ತಿನಾದ್ಯಂತ ಕೊಡುವ ಸಲಹೆಯ ಹಿಂದೆ ಇರಾಕಿನ ತಾಯಂದಿರ ಆ ಕೂದಲಿದೆ, ಜಪಾನಿನ ಮಿನಮಾಟಾದ ಬೆಸ್ತರ ಕೂದಲಿದೆ. ಮಿನಮಾಟಾ ರೋಗಿಯೊಬ್ಬರ ಕೂದಲಲ್ಲಿ 705 ಪಿಪಿಎಂ ಪಾದರಸ ಸಿಕ್ಕಿತ್ತು. ನಮ್ಮ ಕರಾವಳಿಯ ಬಂಗುಡೆ, ಬೂತಾಯಿಯಂಥ ಸಣ್ಣ ಮೀನುಗಳಲ್ಲಿ ಪಾದರಸ ಕಡಿಮೆ. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಹೆಚ್ಚು. ಬಸುರಿಗೆ ಬೂತಾಯಿ ಸಾರು ಬೇಡವೆನ್ನುವ ಕಾರಣ ಇಲ್ಲ.

ಚೀನಾದಲ್ಲಿ ಹೃದಯ ಹಿಗ್ಗಿ ಮಕ್ಕಳು, ಹೆಂಗಸರು ಸಾಯುತ್ತಿದ್ದ ಕೆಶಾನ್ ಕಾಯಿಲೆ ಸೆಲೆನಿಯಂ ಕೊರತೆಯ ಪ್ರದೇಶಗಳಲ್ಲೇ ಇದೆ ಎಂದು ಗುರುತಿಸುವಲ್ಲೂ ಕೂದಲ ಅಳತೆ ನೆರವಾಯಿತು. ಅಲ್ಲಿಯೂ ಲೆಕ್ಕ ಹಾಕಿದ್ದು ಇಡೀ ಜಿಲ್ಲೆಗಳನ್ನು, ಒಬ್ಬೊಬ್ಬರ ಸಪ್ಲಿಮೆಂಟು ಪಟ್ಟಿಯನ್ನಲ್ಲ.

ನಮ್ಮದೇ ನಾಡಿನ ಪ್ರಕರಣಕ್ಕೆ ಬರೋಣ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ, ಕಡಲತೀರದ್ದಲ್ಲ. ಸುತ್ತಮುತ್ತಲ ಬಂಡೆಗಳಲ್ಲಿ ಚಿನ್ನವಿದೆ, ಹಿಂದೆ ಗಣಿಗಾರಿಕೆ ನಡೆದಿದೆ. ಚಿನ್ನವಿರುವ ಇಂಥ ಬಂಡೆಗಳಲ್ಲಿ ಆರ್ಸೆನಿಕ್ ಇರುವುದು ಸಾಮಾನ್ಯ. ಅಲ್ಲಿನ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲು ಗಂಟುಗಂಟಾಗಿ ದಪ್ಪವಾಗಿದ್ದವು, ಮೈಮೇಲೆ ಮಳೆಹನಿ ಬಿದ್ದಂಥ ಕಪ್ಪು–ಬಿಳಿ ಚುಕ್ಕೆಗಳಿದ್ದವು. ಪಶ್ಚಿಮ ಬಂಗಾಳದ ಆರ್ಸೆನಿಕ್ ಪೀಡಿತ ಹಳ್ಳಿಗಳಲ್ಲಿ ದಶಕಗಳ ಕಾಲ ದುಡಿದ ಜಾದವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಕರ್ನಾಟಕದ ಸಂಶೋಧಕರು ಸೇರಿ ಅಧ್ಯಯನ ನಡೆಸಿ 2013ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ಶೇ 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿ ದಾಟಿತ್ತು. ಒಂದರಲ್ಲಿ 303 ಮುಟ್ಟಿತ್ತು. 171 ಜನರ ಕೂದಲು, ಉಗುರು ತೆಗೆದು ನೋಡಿದರೆ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಿತ್ತು, ಒಬ್ಬರನ್ನೂ ಬಿಡದೆ. ತಪಾಸಣೆಗೆ ಬಂದ 181 ಜನರಲ್ಲಿ ಶೇ 58.6ರಷ್ಟು ಮಂದಿಯ ಚರ್ಮದಲ್ಲಿ ಗುರುತುಗಳಿದ್ದವು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2,000 ಮಿಲಿಗ್ರಾಂ ಮೀರಿದ ಆರ್ಸೆನಿಕ್. ಗಣಿಯ ತ್ಯಾಜ್ಯದ ಕಡೆಗೆ ಸಂಶೋಧಕರು ಬೊಟ್ಟು ಮಾಡಿದರು.

ಇಲ್ಲಿಯೂ ಆರ್ಸೆನಿಕ್ ಹೊರಗಿನ ನೀರಿನಿಂದ ಕೂದಲಿಗೆ ಅಂಟಿರಬಹುದಲ್ಲ ಎಂದು ಯಾರಾದರೂ ಕೇಳಬಹುದು, ಕೇಳಬೇಕು. ಅದಕ್ಕೇ ಅವರು ಕೂದಲೊಂದನ್ನೇ ನಂಬಲಿಲ್ಲ. ಬಾವಿ ನೋಡಿದರು, ಮಣ್ಣು ನೋಡಿದರು, ಉಗುರು, ಆಹಾರ ನೋಡಿದರು, ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎಲ್ಲವೂ ಒಂದೇ ಕಡೆಗೆ ಕೈತೋರಿದಾಗ ಕೂದಲ ಮಾತಿಗೂ ತೂಕ ಬಂತು.

ಶಿಕ್ಷಕಿಯ ಸುಸ್ತಿಗೆ ಬರುವುದಾದರೆ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸುಸ್ತು, ಕೂದಲು ಉದುರುವುದು ಎರಡಕ್ಕೂ ಅತಿ ಸಾಮಾನ್ಯ ಕಾರಣಗಳಲ್ಲಿ ಕಬ್ಬಿಣದ ಕೊರತೆಯೂ ಒಂದು. ಹಿಮೋಗ್ಲೋಬಿನ್, ಫೆರಿಟಿನ್, ಟಿಎಸ್‌ಎಚ್, ಬಿ12 ಇಷ್ಟನ್ನು ಮೊದಲು ಮಾಡಿಸಿ, ಅದನ್ನು ಹಿಡಿದು ಫಿಸಿಷಿಯನ್ ಹತ್ತಿರ ಹೋಗಿ ಎಂದೆ. ಮೂರು ತಿಂಗಳ ಹಿಂದೆ ಜ್ವರ ಬಂದಿತ್ತೇ ಎಂದೂ ಕೇಳಿದೆ. ಡೆಂಗಿಯಂಥ ಜೋರು ಜ್ವರ, ಹೆರಿಗೆ, ಆಪರೇಷನ್ ಆಗಿ ಎರಡು ಮೂರು ತಿಂಗಳಿಗೆ ಕೂದಲು ಗೊಂಚಲಾಗಿ ಉದುರುವುದುಂಟು, ಸಾಮಾನ್ಯವಾಗಿ ತಾನಾಗಿಯೇ ಮತ್ತೆ ಬರುತ್ತದೆ. ರಾಗಿ ಬಿಡಬೇಡಿ ಎಂಬುದನ್ನು ಮಾತ್ರ ಒತ್ತಿ ಹೇಳಿದೆ. ಸಪ್ಲಿಮೆಂಟುಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸದೆ ಒಂದನ್ನೂ ನುಂಗಬೇಡಿ ಎಂದೂ ಹೇಳಿದೆ.

ಕೂದಲ ಪರೀಕ್ಷೆಗೆ ಯಾರು ಹೋಗಬೇಕು? ಪಾದರಸ ಅಥವಾ ಆರ್ಸೆನಿಕ್ ಮೈಸೇರಿದೆ ಎಂದು ನಂಬಲು ಗಟ್ಟಿ ಕಾರಣವಿರುವವರು ಮತ್ತು ಅದನ್ನು ಓದಬಲ್ಲ ವೈದ್ಯರು ಜೊತೆಗಿರುವವರು. ಅಂಥವರು ನಗರದ ವೆಲ್‌ನೆಸ್ ಕ್ಲಿನಿಕ್ಕಿನಲ್ಲಿ ಕಡಿಮೆ. ಅವರು ಇರುವುದು ಚಿನ್ನ ಕರಗಿಸುವ ಕುಲುಮೆಗಳ ಹಿಂದೆ, ಗಣಿ ಮಣ್ಣಿನ ದಿಬ್ಬಗಳ ಪಕ್ಕದ ಊರುಗಳಲ್ಲಿ, ಯಾದಗಿರಿ–ರಾಯಚೂರಿನ ಚಿನ್ನದ ಪಟ್ಟಿಯ ತಾಂಡಾಗಳಲ್ಲಿ. ಆದರೆ ಅಲ್ಲಿ ಕೂದಲಿಗಿಂತ ಮೊದಲು ಬಾವಿಯ ನೀರು ಪರೀಕ್ಷೆಯಾಗಬೇಕು. ಪ್ರತಿ ಕೊಳವೆಬಾವಿಯದೂ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಫಲಿತಾಂಶವನ್ನು ಬಾವಿಯ ಪಕ್ಕದಲ್ಲೇ ಊರವರು ಓದುವ ಹಾಗೆ ಬರೆದಿಡಬೇಕು. ಮಿತಿ ದಾಟಿದ ಬಾವಿ ಇರುವ ಊರಿಗೆ ತಡಮಾಡದೆ ಬೇರೆ ನೀರು ಬರಬೇಕು.